ಬಾನೆಟ್ ಮುಚ್ಚಲು ಒಪ್ಪದವಳು

ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಎಂಜಿನ್ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಒಪ್ಪಿಕೊಂಡ ಒಂದೇ ಕೆಲಸವೆಂದರೆ ನಮ್ಮ ಜಿಲ್ಲೆಯ ಮಣ್ಣಿನ ರೇಸ್‌ಗಳಲ್ಲಿ ಕಾರುಗಳ ತಪಾಸಣೆ. ಬ್ರೇಕ್ ಹಿಡಿಯುತ್ತದೆಯೇ, ಬೆಲ್ಟ್ ಗಟ್ಟಿಯಾಗಿದೆಯೇ ಎಂದು ನೋಡಿ ಚೀಟಿ ಅಂಟಿಸಿದರೆ ಮುಗಿಯಿತು. ಈ ಕೆಲಸದ ದೆಸೆಯಿಂದ ಉಡುಪಿಯಿಂದ ಕಾರ್ಕಳದವರೆಗಿನ ಗ್ಯಾರೇಜುಗಳೆಲ್ಲ ನನಗೆ ಪರಿಚಯ. ಹಾಗಿದ್ದೂ ರಾಜಶ್ರೀ ಎಂಬವಳ ವಿಷಯ ನನ್ನ ಕಿವಿಗೆ ಬಿದ್ದದ್ದು ತೀರ ತಡವಾಗಿ, ಅದೂ ಬೈಗುಳದ ರೂಪದಲ್ಲಿ.

ರಾಜಶ್ರೀ ಎಂದರೆ ಬೀರಪ್ಪ ಮತ್ತು ಯಮನವ್ವ ದಂಪತಿಯ ಒಬ್ಬಳೇ ಮಗಳು. ಯಲಬುರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದ ಸಂಸಾರ. ಅವಳಿಗೆ ಆಗ ನಾಲ್ಕು ವರ್ಷ. ಯಮನವ್ವ ಜಲ್ಲಿ ಹೊರುತ್ತಿದ್ದಳು, ಬೀರಪ್ಪ ಕಾಂಕ್ರೀಟ್ ಕಲಸುವ ಮಿಕ್ಸರ್ ನಡೆಸುತ್ತಿದ್ದ. ಆ ಮಿಕ್ಸರಿಗೊಂದು ಹಳೆಯ ಡೀಸೆಲ್ ಎಂಜಿನ್. ಶಾಲೆ ಬಿಟ್ಟ ಮೇಲೆ ಮಗಳು ಬಂದು ಕೂರುತ್ತಿದ್ದದ್ದು ಅದರ ಪಕ್ಕದಲ್ಲೇ. ಹೊಗೆ ಕಪ್ಪಗಾದಾಗ ಬೀರಪ್ಪ, 'ಅದಕ್ಕ ಉಸಿರು ಸಾಲವಲ್ದು' ಎನ್ನುತ್ತ ಗಾಳಿಯ ಜಾಲರಿ ಬಿಚ್ಚಿ ಕೊಡವುತ್ತಿದ್ದನಂತೆ. ಸಿಮೆಂಟಿನ ಧೂಳು ಉದುರಿ ಹೊಗೆ ತಿಳಿಯಾಗುವುದನ್ನು ಹುಡುಗಿ ನೋಡುತ್ತಿದ್ದಳು. ಎಂಜಿನ್ನಿಗೂ ಉಸಿರಿದೆ ಎಂಬ ಮಾತು ಅವಳಿಗೆ ಪುಸ್ತಕದಿಂದ ಬಂದದ್ದಲ್ಲ.

ಅವಳು ಹತ್ತನೆಯ ತರಗತಿ ಮುಗಿಸಿದ ವರ್ಷ ಬೀರಪ್ಪ ಕಾಮಾಲೆಯಾಗಿ ತೀರಿಕೊಂಡ. ಊರಿನಿಂದ ಬಂದ ನೆಂಟರು ಹುಡುಗಿಗೆ ಗಂಡು ನೋಡಿಯೇ ಬಂದಿದ್ದರು. ಯಮನವ್ವ ಅವರಿಗೆ ಊಟ ಬಡಿಸಿ, ಬಸ್ಸಿಗೆ ಹತ್ತಿಸಿ, ಮಾರನೆಯ ದಿನ ಮಗಳನ್ನು ಐಟಿಐಗೆ ಕರೆದುಕೊಂಡು ಹೋದಳು. ಮೋಟಾರು ಮೆಕ್ಯಾನಿಕ್ ವಿಭಾಗದಲ್ಲಿ ಹುಡುಗಿ ಎಂದು ಇದ್ದವಳು ಅವಳೊಬ್ಬಳೇ. ಹೊಲಿಗೆ ವಿಭಾಗದಲ್ಲಿ ಸೀಟು ಖಾಲಿ ಇದೆ ಎಂದು ಎರಡು ಸಲ ಹೇಳಿದರಂತೆ. ಎರಡು ಸಲವೂ ತಾಯಿ ಮಗಳು ಬೆಂಚಿನಿಂದ ಏಳಲಿಲ್ಲ.

ಅಲ್ಲಿಂದ ಅವಳು ಸೇರಿದ್ದು ಸಂತೆಕಟ್ಟೆಯ ತಾರಾನಾಥನ ಗ್ಯಾರೇಜಿಗೆ. ತಾರಾನಾಥ ನಮ್ಮ ಕಡೆ ಹೆಸರಿರುವ ಮೆಕ್ಯಾನಿಕ್, ಕೆಟ್ಟವನಲ್ಲ. ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವುದನ್ನು ಬೈದೂ ಬೈದೂ ಕಲಿಸಿದವನು ಅವನೇ. ಐದಾರು ವರ್ಷಗಳಲ್ಲಿ ಅವಳ ಕೈ ಅವನ ಕೈಗಿಂತ ಸೂಕ್ಷ್ಮವಾಯಿತು. ರೇಸ್ ಕಾರುಗಳ ಟ್ಯೂನಿಂಗ್ ಮೆಲ್ಲಮೆಲ್ಲನೆ ಅವಳ ಪಾಲಿಗೆ ಬಂತು. ಆದರೆ ಅವಳು ಕೆಲಸ ಮಾಡುತ್ತಿದ್ದದ್ದು ಶೆಡ್ಡಿನ ಹಿಂಬದಿಯಲ್ಲಿ. ಮುಂದೆ ಗಿರಾಕಿಗಳ ಬಾಯಲ್ಲಿ ಇದ್ದದ್ದು ತಾರಣ್ಣನ ಟ್ಯೂನಿಂಗ್ ಎಂಬ ಮಾತು. ನಾನೂ ಎಷ್ಟೋ ಸಲ ಅವನ ಬೆನ್ನು ತಟ್ಟಿದ್ದೇನೆ. ಅವನು ನಕ್ಕು ಸುಮ್ಮನಾಗುತ್ತಿದ್ದ. ಒಂಬತ್ತು ವರ್ಷ ಹೀಗೆಯೇ ನಡೆಯಿತು.

ಎರಡು ವರ್ಷಗಳ ಹಿಂದಿನ ಮಾರ್ಚಿನಲ್ಲಿ ಕಾರ್ಕಳದ ಪ್ರಖ್ಯಾತ್ ತನ್ನ ಝೆನ್ ಕಾರನ್ನು ಅಲ್ಲಿಗೆ ತಂದ. ಅವನ ಅಪ್ಪ ದುಬೈಯಲ್ಲಿ ವ್ಯಾಪಾರಸ್ಥ. ಹುಡುಗನಿಗೆ ರೇಸಿನ ಹುಚ್ಚು, ಓಡಿಸುವ ಕೈಯೂ ಚೆನ್ನಾಗಿಯೇ ಇತ್ತು. ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿ ಅದು. ಸೈಲೆನ್ಸರ್ ಬದಲಿಸುವ ಅಂಗಡಿಯೊಂದರಲ್ಲಿ ಅದರ ಹಳೆಯ ಸೈಲೆನ್ಸರ್ ಪೂರ್ತಿ ಕಿತ್ತು, ಎಂಜಿನ್ನಿನಿಂದ ಹೊರಡುವ ನಾಲ್ಕು ಕೊಳವೆಗಳನ್ನು ಅಗಲ ಮಾಡಿ, ಕೊನೆಯವರೆಗೆ ನೇರ ಪೈಪು ಕೂರಿಸಿದ್ದರು. ಮುಂದಿನ ಗಾಳಿಯ ಡಬ್ಬವನ್ನೂ ತೆಗೆದು ಬರಿಯ ಫಿಲ್ಟರ್ ಹಾಕಿದ್ದರು. ಶಬ್ದ ಏನೋ ಜೋರಾಗಿತ್ತು. ಆದರೆ ಗಾಡಿ ಆ್ಯಕ್ಸಿಲರೇಟರ್ ಒತ್ತಿದಾಗ ತಡವರಿಸುತ್ತಿತ್ತು, ಬಿಟ್ಟಾಗ ಪಟಪಟ ಸಿಡಿಯುತ್ತಿತ್ತು. ಬೆಳ್ಮಣ್ಣಿನ ರೇಸಿಗೆ ಉಳಿದದ್ದು ನಾಲ್ಕೇ ದಿನ.

ರಾಜಶ್ರೀ ಕಿಡಿ ಹೊತ್ತಿಸುವ ನಾಲ್ಕೂ ಪ್ಲಗ್ ಬಿಚ್ಚಿ ನೋಡಿದಳು. ತುದಿಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಇದರ ಅರ್ಥ ಸರಳ. ಎಂಜಿನ್ ಪೂರ್ತಿ ದುಡಿಯುವಾಗ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿಮೂರು ಪಾಲು ಗಾಳಿ ಬೇಕು. ಹೊಗೆ ಹೋಗುವ ದಾರಿ ಸಲೀಸಾದರೆ ಎಂಜಿನ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಅಳೆದು ಬಿಡುವುದು ಕಾರ್ಬ್ಯುರೇಟರಿನೊಳಗಿನ ಜೆಟ್ ಎಂಬ ಹಿತ್ತಾಳೆಯ ಸಣ್ಣ ತುಂಡು. ಅದರ ತೂತು ಮೊದಲಿನಷ್ಟೇ ಇದ್ದರೆ ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತದೆ, ಒಳಗಿನ ಬಿಸಿ ಏರುತ್ತದೆ. ಆ ಬಿಸಿಯಲ್ಲಿ ಗಾಡಿ ಅಂಗಡಿಗೆ ಹೋಗಿ ಬರುವಷ್ಟು ಓಡೀತು. ರೇಸಿನಲ್ಲಿ ಓಡಿದರೆ ಪಿಸ್ಟನ್ ಕರಗಿ ತೂತಾಗುತ್ತದೆ.

ಅವಳು ಶೆಡ್ಡಿನ ಮುಂಬದಿಗೆ ಬಂದು ಪ್ರಖ್ಯಾತ್‌ಗೆ ಇದನ್ನೇ ಹೇಳಿದಳು. ಜೆಟ್ ದೊಡ್ಡದು ಮಾಡಬೇಕು, ಏರಿನಲ್ಲಿ ಓಡಿಸಿ ನೋಡಬೇಕು, ಮೂರು ದಿನ ಬೇಕು. ಪ್ರಖ್ಯಾತ್ ಅವಳನ್ನು ನೋಡದೆ ತಾರಾನಾಥನ ಕಡೆಗೆ ತಿರುಗಿದ. ಪೆಟ್ರೋಲ್ ಕಮ್ಮಿ ಇದ್ದಷ್ಟು ಪವರ್ ಜಾಸ್ತಿ ಎಂದು ಅಂಗಡಿಯವರು ಹೇಳಿದ್ದಾರೆ, ನಿಂತಾಗ ಎಂಜಿನ್ ಆರದ ಹಾಗೆ ಬರಿಯ ಐಡ್ಲಿಂಗ್ ಸರಿ ಮಾಡಿ ಕೊಟ್ಟರೆ ಸಾಕು ಎಂದ. ಆಮೇಲೆ ಧ್ವನಿ ತಗ್ಗಿಸದೆಯೇ, ಘಟ್ಟದ ಮೇಲಿನವರ ಕೈಗೆ ರೇಸ್ ಗಾಡಿ ಯಾಕೆ ಕೊಡುತ್ತೀರಿ ಎಂದೂ ಕೇಳಿದ.

ತಾರಾನಾಥ ಅವಳನ್ನು ಹಿಂದಕ್ಕೆ ಕರೆದ. "ಅವನಿಗೆ ಬೇಕಾದ ಹಾಗೆ ಮಾಡಿ ಬಾನೆಟ್ ಮುಚ್ಚಿ ಕೊಡು ಮಾರಾಯ್ತಿ. ಗಾಡಿ ಅವನದ್ದು ಅಲ್ವಾ?"

"ಗಾಡಿ ಅವರದ್ದು ತಾರಣ್ಣ. ಕೈ ನನ್ನದು. ಇದು ಸುಟ್ಟು ಹೋಗ್ತದೆ ಅಂತ ನನಗೂ ಗೊತ್ತುಂಟು, ನಿಮಗೂ ಗೊತ್ತುಂಟು. ನಾನು ಮುಚ್ಚಿ ಕೊಡುವುದಿಲ್ಲ."

ಅವಳು ಸ್ಪ್ಯಾನರ್ ಕೆಳಗಿಟ್ಟು ಬೇರೆ ಗಾಡಿಯ ಕೆಲಸಕ್ಕೆ ಹೋದಳು. ತಾರಾನಾಥ ಸ್ವಲ್ಪ ಹೊತ್ತು ಆ ಕಾರಿನ ಮುಂದೆ ನಿಂತಿದ್ದ. ಕೊನೆಗೆ ಹಳೆಯ ಜೆಟ್ಟನ್ನೇ ಬಿಟ್ಟು, ಐಡ್ಲಿಂಗಿನ ಸ್ಕ್ರೂ ತಿರುಗಿಸಿ, ಬಾನೆಟ್ ಮುಚ್ಚಿ ಕಾರನ್ನು ಕೊಟ್ಟುಬಿಟ್ಟ.

ಬೆಳ್ಮಣ್ಣಿನಲ್ಲಿ ಆ ಕಾರಿಗೆ ತಪಾಸಣೆಯ ಚೀಟಿ ಅಂಟಿಸಿದವನು ನಾನೇ. ಕಾರ್ಬ್ಯುರೇಟರಿನ ಒಳಗು ನೋಡುವುದು ನನ್ನ ಕೆಲಸವಲ್ಲ. ಎರಡನೆಯ ಸುತ್ತಿನಲ್ಲಿ ಗಾಡಿ ಒಮ್ಮೆ ಕಿರುಚಿ ನೀಲಿ ಹೊಗೆ ಕಾರಿ ನಿಂತಿತು. ಹಗ್ಗ ಕಟ್ಟಿ ಎಳೆದು ತಂದರು. ಯಾವುದೋ ಪಿಸ್ಟನ್ ಹೋಗಿದೆ ಎಂಬುದು ಆ ಹೊಗೆಯಲ್ಲೇ ಗೊತ್ತಾಗುತ್ತಿತ್ತು. ಪ್ರಖ್ಯಾತ್ ಹೆಲ್ಮೆಟ್ ಕಳಚಿ ಚಪ್ಪರದ ಮೇಜಿನ ಮೇಲಿಟ್ಟು, ತಾರಣ್ಣನ ಗ್ಯಾರೇಜಿನ ಆ ಘಟ್ಟದವಳು ಕಾರ್ಬ್ಯುರೇಟರಿಗೆ ಕೈ ಹಾಕಿ ಎಂಜಿನ್ ಹಾಳು ಮಾಡಿದಳು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಇಪ್ಪತ್ತು ಮೂವತ್ತು ಜನ ಇದ್ದರು. ತಾರಾನಾಥನೂ ಇದ್ದ. ಅವನು ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಗ್ಯಾರೇಜಿನಲ್ಲಿ ನಡೆದದ್ದು ನನಗೆ ಗೊತ್ತಿರಲಿಲ್ಲ. ಆದರೂ ಎಂಜಿನ್ ಬಿಚ್ಚಿ ನೋಡದೆ ಹಾಗೆ ಹೇಳಬಾರದು ಎಂಬುದು ಮೂವತ್ತು ವರ್ಷ ಪಾಠ ಹೇಳಿದ ನನಗೆ ಗೊತ್ತಿತ್ತು. ನಾನು ಚಹಾ ಕುಡಿಯುತ್ತ ಕುಳಿತೆ.

ಸೋಮವಾರ ತಾರಾನಾಥ ಅವಳಿಗೆ ವಿಷಯ ತಿಳಿಸಿ, ಪ್ರಖ್ಯಾತ್‌ಗೆ ಒಂದು ಮಾತು 'ಸಾರಿ' ಎಂದು ಹೇಳಿಬಿಟ್ಟರೆ ಎಲ್ಲ ತಣ್ಣಗಾಗುತ್ತದೆ ಎಂದ. ಅವಳು ಒಪ್ಪಲಿಲ್ಲ. ಹಾಗಾದರೆ ಸ್ವಲ್ಪ ದಿನ ಗ್ಯಾರೇಜಿಗೆ ಬರಬೇಡ ಎಂದ. ಅವಳು ತನ್ನ ಸ್ವಂತ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಬಕೆಟ್ಟಿಗೆ ಹಾಕಿಕೊಂಡು ಹೊರಬಿದ್ದಳು.

ಮನೆಯಲ್ಲಿ ಯಮನವ್ವ ಬಕೆಟ್ ನೋಡಿದಳು, ಮಗಳ ಮುಖ ನೋಡಿದಳು. "ತಪ್ಪ ನಿಂದ ಐತೇನು?"

"ಇಲ್ಲವ್ವ."

"ಮತ್ತ ಯಾಕ ಮನ್ಯಾಗ ಕುಂದರತಿ? ಅಂದಾವ್ರ ಮುಂದ ಹೋಗಿ ನಿಂದರು."

ಮರುದಿನ ಬೆಳಿಗ್ಗೆ ರಾಜಶ್ರೀ ಮಣಿಪಾಲದ ನನ್ನ ಮನೆಗೆ ಬಂದಳು. ನಾನು ಅವಳನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಣ್ಣ ದೇಹ, ಉಗುರಿನ ಸಂದಿಯಲ್ಲಿ ಹೋಗದ ಕಪ್ಪು. ಕೂರಿ ಎಂದರೂ ಕೂರಲಿಲ್ಲ.

"ಬೆಳ್ಮಣ್ಣಿನ ಚಪ್ಪರದಲ್ಲಿ ನನ್ನ ಬಗ್ಗೆ ಮಾತಾಯಿತಂತೆ ಸರ್. ನೀವೂ ಅಲ್ಲೇ ಇದ್ದಿರಂತೆ. ನೀವು ಎಂತ ಹೇಳಿದಿರಿ?"

ಏನೂ ಹೇಳಲಿಲ್ಲ ಎಂದೆ. ಅವಳು ತಲೆಯಾಡಿಸಿದಳು, ಬೈಯಲಿಲ್ಲ. ಎಂಜಿನ್ ಬಿಚ್ಚಿಸಿ ನೋಡಬೇಕು, ಜೆಟ್ಟಿನ ಮೇಲೆ ಅದರ ಅಳತೆಯ ಅಂಕಿ ಇರುತ್ತದೆ, ಹಳೆಯದೇ ಇದೆ ಎಂಬುದು ಎಲ್ಲರಿಗೂ ಕಾಣಲಿ ಎಂದು ಬರೆದು ತಂದ ಅರ್ಜಿಯನ್ನು ಕೊಟ್ಟಳು. ಬಾನೆಟ್ ಮುಚ್ಚಿದ್ದು ಯಾರು ಎಂದು ಕೇಳಿದೆ. ನಾನಲ್ಲ ಎಂದಳು ಅಷ್ಟೆ. ಎರಡನೆಯ ಸಲ ಕೇಳಿದಾಗ, ಅದನ್ನು ಮುಚ್ಚಿದವರೇ ಹೇಳಬೇಕು, ನನಗೆ ಕೆಲಸ ಕಲಿಸಿದವರ ಹೆಸರನ್ನು ನಾನು ಬೀದಿಗೆ ತರುವುದಿಲ್ಲ ಎಂದಳು. ಆಗ ನನಗೆ ಎಲ್ಲ ಅರ್ಥವಾಯಿತು.

ರೇಸ್ ಸಮಿತಿಯಿಂದ ಪ್ರಖ್ಯಾತ್‌ಗೆ ಪತ್ರ ಬರೆಸಿದೆ. ಎಂಜಿನ್ ಆಗಲೇ ಗುಜರಿಗೆ ಹೋಗಿದೆ ಎಂದು ಉತ್ತರ ಬಂತು. ಬಿಚ್ಚಿ ತೋರಿಸಲು ಏನೂ ಉಳಿಯಲಿಲ್ಲ. ನನ್ನ ಮಟ್ಟಿಗೆ ವಿಷಯ ಮುಗಿಯಿತು ಎಂದುಕೊಂಡೆ. ಅವಳಿಗೆ ಮುಗಿದಿರಲಿಲ್ಲ.

ಕಲ್ಯಾಣಪುರದ ಡೈನಾ ಎಂಬ ಶಾಲಾ ಶಿಕ್ಷಕಿಯೂ ರೇಸಿನಲ್ಲಿ ಓಡಿಸುತ್ತಾಳೆ. ಅವಳದ್ದೂ ಅದೇ ಮಾದರಿಯ ಕಾರು, ಅದೇ ಅಂಗಡಿಯಲ್ಲಿ ಹಾಕಿಸಿದ ಅದೇ ರೀತಿಯ ಪೈಪು. ಪ್ರಖ್ಯಾತ್‌ನ ಎಂಜಿನ್ ಹೋದದ್ದನ್ನು ನೋಡಿದ ಮೇಲೆ ಅವಳು ತನ್ನ ಗಾಡಿಯನ್ನು ಹೊರಗೆ ತೆಗೆದಿರಲಿಲ್ಲ. ರಾಜಶ್ರೀ ಯಾರ ಶಿಫಾರಸೂ ಇಲ್ಲದೆ ಬಸ್ಸಿನಲ್ಲಿ ಅವಳ ಮನೆಗೆ ಹೋಗಿ, ಈ ಗಾಡಿಯನ್ನು ನನ್ನ ಕೈಗೆ ಕೊಡಿ, ಮುಂದಿನ ತಿಂಗಳ ಕಾಪು ರೇಸಿನಲ್ಲಿ ಎಂಜಿನ್ನಿಗೆ ಏನೂ ಆಗದ ಹಾಗೆ ಓಡಿಸಬಹುದು ಎಂದಳು. ಡೈನಾ ಆಮೇಲೆ ನನ್ನಲ್ಲಿ ಹೇಳಿದ್ದು ಇಷ್ಟು: ಅವಳು ಕೇಳಿದ ರೀತಿಯಲ್ಲಿ ಬೇಡುವಿಕೆ ಇರಲಿಲ್ಲ, ಅದಕ್ಕೇ ಕೊಟ್ಟೆ.

ಬೈಲೂರಿನ ಹತ್ತಿರ ಡೈನಾಳ ಮಾವ ರೊಸಾರಿಯೊ ಅವರ ಕೆಂಪು ಕಲ್ಲಿನ ಕೋರೆ ಇದೆ. ಈಗ ಕಲ್ಲು ತೆಗೆಯುವುದಿಲ್ಲ. ಕೋರೆಯಿಂದ ಮೇಲೆ ಬರುವ ಅರ್ಧ ಕಿಲೋಮೀಟರ್ ಏರುದಾರಿ ಖಾಲಿ. ಅಲ್ಲಿ ಕೆಲಸ ಶುರುವಾಯಿತು. ನನಗೂ ಒಂದು ಋಣ ಉಳಿದಿತ್ತಲ್ಲ. ನನ್ನ ಶಿಷ್ಯನೊಬ್ಬನಿಂದ ಹೊಗೆಯನ್ನು ಅಳೆದು ಗಾಳಿ-ಪೆಟ್ರೋಲಿನ ಪ್ರಮಾಣ ತೋರಿಸುವ ಮೀಟರ್ ತಂದು ಪೈಪಿಗೆ ಜೋಡಿಸಿದೆ.

ಮೊದಲ ಓಟದಲ್ಲಿ ಮೀಟರ್ ಹದಿನೈದೂವರೆ ತೋರಿಸಿತು. ಎಂಜಿನ್ನಿನೊಳಗೆ ಗಾಜಿನ ಗೋಲಿ ಅಲುಗಿಸಿದಂಥ ಸದ್ದು. ಓಡಿಸುತ್ತಿದ್ದ ರಾಜಶ್ರೀ ತಕ್ಷಣ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದಳು. ಈ ಹಳೆಯ ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ ಸಿಗುವುದಿಲ್ಲ. ಹಾಗಾಗಿ ಗುಜರಿಯಿಂದ ಆರಿಸಿ ತಂದಿದ್ದ ಮೂರು ಹಳೆಯ ಜೆಟ್‌ಗಳಲ್ಲಿ ಒಂದನ್ನು ತೆಗೆದುಕೊಂಡು, ಕೂದಲಿನಷ್ಟು ತೆಳ್ಳಗಿನ ಬೈರಿಗೆಯನ್ನು ಬೆರಳಲ್ಲೇ ಹಿಡಿದು ತೂತನ್ನು ಕೊರೆಯತೊಡಗಿದಳು. ಹಾಕಿ ಓಡಿಸಿದರೆ ಹೊಗೆ ಕಪ್ಪಗೆ ಬಂತು, ಪೆಟ್ರೋಲ್ ಹೆಚ್ಚಾಗಿ ಗಾಡಿ ಏರಿನ ಅರ್ಧದಲ್ಲೇ ಉಸಿರುಗಟ್ಟಿತು. ಜೆಟ್ ಹಾಳಾಗಿತ್ತು. ಜಾಸ್ತಿ ಕೊರೆದೆ, ಸಿಟ್ಟಿನಲ್ಲಿ ಕೊರೆದೆ ಎಂದು ತಾನೇ ಹೇಳಿ, ಅದನ್ನು ಎಸೆದು, ಆ ದಿನಕ್ಕೆ ಕೆಲಸ ನಿಲ್ಲಿಸಿದಳು.

ಮಾರನೆಯ ದಿನ ಬೇರೆಯವಳೇ ಆಗಿ ಬಂದಳು. ಕೊರೆಯುವುದು, ಊದಿ ಪುಡಿ ತೆಗೆಯುವುದು, ಕೂರಿಸುವುದು, ಓಡಿಸುವುದು. ಏರಿನ ತುದಿಯಲ್ಲಿ ಪೂರ್ತಿ ವೇಗದಲ್ಲಿರುವಾಗಲೇ ಕ್ಲಚ್ ಒತ್ತಿ ಎಂಜಿನ್ ಆರಿಸಬೇಕು, ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ದಿನಕ್ಕೆ ಹದಿನೈದು ಇಪ್ಪತ್ತು ಸಲ. ಬೆರಳಿನ ತುದಿಗಳೆಲ್ಲ ಸುಟ್ಟಿದ್ದವು. ಅವಳು ಮೀಟರ್ ನೋಡುವ ಮೊದಲು ಪ್ಲಗ್ ನೋಡಿ ಅಂದಾಜು ಹೇಳುತ್ತಿದ್ದಳು, ನಾನು ಮೀಟರಿನ ಅಂಕಿ ಹೇಳುತ್ತಿದ್ದೆ. ಮೂರನೆಯ ದಿನ ಎರಡೂ ಸರಿಹೊಂದತೊಡಗಿದವು. ಹದಿನಾಲ್ಕೂವರೆ, ಹದಿನಾಲ್ಕು, ಹದಿಮೂರೂವರೆ. ನಾಲ್ಕನೆಯ ದಿನ ಮಧ್ಯಾಹ್ನ ಗಾಡಿ ತಡವರಿಸದೆ, ಸಿಡಿಯದೆ, ಒಂದೇ ಉಸಿರಿಗೆ ಏರು ಹತ್ತಿತು. ಮೀಟರಿನಲ್ಲಿ ಹನ್ನೆರಡು ಮುಕ್ಕಾಲಿನಿಂದ ಹದಿಮೂರರ ನಡುವೆ ಮುಳ್ಳು ಆಡುತ್ತಿತ್ತು. ಪ್ಲಗ್ಗಿನ ತುದಿಯ ಬಣ್ಣ ಬಿಸ್ಕೆಟಿನ ಹಾಗೆ ಕಂದು.

ಕೊನೆಯಲ್ಲಿ ಅವಳು ಒಂದು ಷರತ್ತು ಹಾಕಿದಳು. ನೇರ ಪೈಪಿಗೆ ಸಣ್ಣದಾದರೂ ಸರಿ, ಸೈಲೆನ್ಸರ್ ಬೇಕು. ಅದರಿಂದ ಮಿಶ್ರಣ ಸ್ವಲ್ಪ ಬದಲಾಗುತ್ತದೆ, ಇನ್ನೊಂದು ದಿನದ ಕೆಲಸ. ಡೈನಾ ಹಿಂದೆಮುಂದೆ ನೋಡಿದಳು. ಶಬ್ದ ಮಾಡುವುದಲ್ಲ ಗಾಡಿ, ಓಡುವುದು ಗಾಡಿ ಎಂದು ರಾಜಶ್ರೀ ಪಟ್ಟು ಹಿಡಿದಳು. ಸೈಲೆನ್ಸರ್ ಬಂತು.

ಕಾಪುವಿನ ರೇಸಿನ ದಿನ ಬಿಸಿಲು ಎಂದರೆ ಬಿಸಿಲು. ಪ್ರಖ್ಯಾತ್ ಬೇರೆ ಕಾರು ತಂದಿದ್ದ. ತಾರಾನಾಥ ಚಪ್ಪರದ ಹಿಂದೆ ಒಂದು ಕುರ್ಚಿಯಲ್ಲಿ ಕುಳಿತಿದ್ದ. ರಾಜಶ್ರೀ ಅವನನ್ನು ನೋಡಿ ನಮಸ್ಕಾರ ಮಾಡಿ ಡೈನಾಳ ಗಾಡಿಯ ಕಡೆಗೆ ಹೋದಳು. ಡೈನಾ ಆರು ಸುತ್ತು ಓಡಿಸಿ ತನ್ನ ವಿಭಾಗದಲ್ಲಿ ಮೂರನೆಯವಳಾಗಿ ಬಂದಳು. ಮೊದಲನೆಯದೇನೂ ಅಲ್ಲ. ಆದರೆ ಗಾಡಿ ಚಪ್ಪರದ ಮುಂದೆ ಬಂದು ನಿಂತ ಕೂಡಲೇ ರಾಜಶ್ರೀ ಎಲ್ಲರ ಮುಂದೆ ಬಾನೆಟ್ ಎತ್ತಿ, ಸುಡುವ ಪ್ಲಗ್‌ಗಳನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಸಮಿತಿಯ ಮೇಜಿನ ಮೇಲೆ ಸಾಲಾಗಿ ಇಟ್ಟಳು. ನಾಲ್ಕೂ ಕಂದು.

ಅವಳು ಪ್ರಖ್ಯಾತ್ ನಿಂತಿದ್ದ ಕಡೆಗೆ ತಿರುಗಿದಳು. ಧ್ವನಿ ದೊಡ್ಡದು ಮಾಡಲಿಲ್ಲ.

"ಅದೇ ಮಾದರಿಯ ಗಾಡಿ, ಅದೇ ಅಂಗಡಿಯ ಪೈಪು. ನಿಮ್ಮ ಪ್ಲಗ್ ಬೆಳ್ಳಗಿತ್ತು ಅಂತ ನಾನು ಆವತ್ತೇ ಹೇಳಿದ್ದೆ. ನೀವು ಇಷ್ಟು ಜನರ ಎದುರು ನನ್ನ ಮೇಲೆ ಹಾಕಿದಿರಿ. ಈಗಲೂ ಇಷ್ಟೇ ಜನ ಇದ್ದಾರೆ. ಹೇಳಿ."

ಪ್ರಖ್ಯಾತ್ ನಕ್ಕ ಹಾಗೆ ಮಾಡಿದ. ನಿನ್ನ ಕೈಯಿಂದ ಗಾಡಿ ಹೊರಗೆ ಹೋದದ್ದು ಹೌದೋ ಅಲ್ಲವೋ ಎಂದ. ನಾನು ಏಳಬೇಕು ಎಂದುಕೊಂಡೆ, ಈ ಸಲ ಎದ್ದೂ ಎದ್ದೆ. ಆದರೆ ನನಗಿಂತ ಮೊದಲು ಹಿಂದಿನಿಂದ ತಾರಾನಾಥನ ಧ್ವನಿ ಬಂತು.

"ಅವಳ ಕೈಯಿಂದ ಅಲ್ಲ. ಅವಳು ಮುಚ್ಚಿ ಕೊಡುವುದಿಲ್ಲ ಅಂತ ಹೇಳಿ ಸ್ಪ್ಯಾನರ್ ಕೆಳಗಿಟ್ಟಳು. ಬಾನೆಟ್ ಮುಚ್ಚಿ ಕೊಟ್ಟದ್ದು ನಾನು. ಸುಟ್ಟು ಹೋಗ್ತದೆ ಅಂತ ನನಗೆ ಗೊತ್ತಿತ್ತು."

ಅವನು ಎದ್ದು ನಿಂತಿದ್ದ. ಮುಖ ಬೆವರಿನಿಂದ ಒದ್ದೆಯಾಗಿತ್ತು. ಇಷ್ಟು ವರ್ಷ ತನ್ನ ಹೆಸರಿನಲ್ಲಿ ಓಡಿದ ರೇಸ್ ಗಾಡಿಗಳಲ್ಲಿ ಹೆಚ್ಚಿನವನ್ನು ಟ್ಯೂನ್ ಮಾಡಿದವಳೂ ಅವಳೇ ಎಂದು, ಯಾರೂ ಕೇಳದಿದ್ದರೂ, ಸೇರಿಸಿದ. ಪ್ರಖ್ಯಾತ್ ಹೆಲ್ಮೆಟ್ ತೆಗೆದುಕೊಂಡು ತನ್ನ ಕಾರಿನ ಕಡೆಗೆ ಹೋದ. ಅವನು ಆವತ್ತೂ ತಪ್ಪಾಯಿತು ಎನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಮುಂದೊಮ್ಮೆ ಡ್ರೈವರನ ಕೈಯಲ್ಲಿ ಅವಳ ಬಳಿಗೆ ಗಾಡಿ ಕಳುಹಿಸಿದ್ದನಂತೆ. ಅವಳು ಕೀ ಮುಟ್ಟದೆ ವಾಪಸು ಕಳುಹಿಸಿದಳು.

ತಾರಾನಾಥ ಅವಳನ್ನು ಗ್ಯಾರೇಜಿಗೆ ವಾಪಸು ಕರೆದ. ಮುಂಬದಿಯಲ್ಲೇ ಜಾಗ ಕೊಡುತ್ತೇನೆ ಎಂದ. ಅವಳು ಅವನ ಮನೆಗೆ ಹೋಗಿ, ಅವನ ಹೆಂಡತಿ ಕುಶಲಾ ಕೊಟ್ಟ ಕಾಫಿ ಕುಡಿದು, ಬರುವುದಿಲ್ಲ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನೀವು ಆವತ್ತು ಎದ್ದು ನಿಂತಿರಿ, ಅದು ದೊಡ್ಡದು, ಆದರೆ ಅದಕ್ಕೆ ಒಂದು ತಿಂಗಳು ಹಿಡಿಯಿತು, ಇನ್ನು ನನಗೆ ಕಾಯಲಿಕ್ಕಾಗುವುದಿಲ್ಲ ಎಂದಳಂತೆ. ಇದನ್ನು ನನಗೆ ಹೇಳಿದವನು ತಾರಾನಾಥನೇ. ಹೇಳುವಾಗ ಅವನಿಗೆ ಬೇಸರವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಈಗ ಉದ್ಯಾವರದಲ್ಲಿ ಹೆದ್ದಾರಿಯ ಪಕ್ಕ ಅವಳದ್ದೇ ಒಂದು ಶೆಡ್ ಇದೆ. ಕೆಲಸ ಬಿಟ್ಟ ಯಮನವ್ವ ಬೆಳಿಗ್ಗೆ ಬಂದು ಬಾಗಿಲ ಬಳಿ ಕುರ್ಚಿ ಹಾಕಿ ಕೂರುತ್ತಾಳೆ. ಬರುವವರಲ್ಲಿ ಮಣಿಪಾಲದ ವಿದ್ಯಾರ್ಥಿಗಳು ಹೆಚ್ಚು. ಅವರ ಗಾಡಿಗಳಿಗೆ ಕಾರ್ಬ್ಯುರೇಟರ್ ಇಲ್ಲ, ಎಲ್ಲ ಕಂಪ್ಯೂಟರ್. ಅವಳು ಅದನ್ನೂ ಕಲಿತಿದ್ದಾಳೆ. ನನ್ನ ಹಳೆಯ ಲ್ಯಾಪ್‌ಟಾಪ್ ಅವಳ ಬೆಂಚಿನ ಮೇಲಿದೆ, ಅದರ ಕೀಲಿಗಳೆಲ್ಲ ಗ್ರೀಸಿನಿಂದ ಕಪ್ಪಾಗಿವೆ.

ಕಳೆದ ವಾರ ನಾನು ಅಲ್ಲಿದ್ದಾಗ ಒಬ್ಬ ವಿದ್ಯಾರ್ಥಿ ಬಂದ. ಸೈಲೆನ್ಸರ್ ಬದಲಿಸಿದ್ದ, ಇನ್ನು ಪೈಪಿನಿಂದ ಬೆಂಕಿ ಹಾರುವ ಹಾಗೆ, ಪಟಾಕಿಯ ಹಾಗೆ ಸಿಡಿಯುವ ಹಾಗೆ ಟ್ಯೂನ್ ಮಾಡಿ ಕೊಡಿ ಎಂದ. ಅದು ಉರಿಯದೆ ಹೊರಗೆ ಹೋಗುವ ಪೆಟ್ರೋಲ್, ಮಾಡುವುದಿಲ್ಲ, ಸರಿಯಾಗಿ ಓಡುವ ಹಾಗೆ ಬೇಕಿದ್ದರೆ ಗಾಡಿ ಬಿಟ್ಟು ಹೋಗಿ ಎಂದಳು. ಬೇರೆಯವರು ಮಾಡಿಕೊಡುತ್ತಾರೆ ಎಂದ. ಮಾಡಿಸಿ ಎಂದಳು. ಅವನು ಅಲ್ಲೇ ನಿಂತು ಫೋನ್ ತೆಗೆದು, ಆನ್‌ಲೈನಿನಲ್ಲಿ ಅವಳ ಗ್ಯಾರೇಜಿಗೆ ಐದರಲ್ಲಿ ಒಂದೇ ನಕ್ಷತ್ರ ಕೊಟ್ಟು, 'ಹೇಳಿದ ಹಾಗೆ ಕೇಳುವುದಿಲ್ಲ' ಎಂದು ಬರೆದು ಹೋದ.

ನಾನು ಅದನ್ನು ನನ್ನ ಫೋನಿನಲ್ಲಿ ಓದಿ ಹೇಳಿದಾಗ ಯಮನವ್ವ, "ಖರೇನ ಬರದಾನಲ್ಲ" ಎಂದಳು. ಮಗಳು ಆಗಲೇ ಇನ್ನೊಂದು ಗಾಡಿಯ ಬಾನೆಟ್ ಎತ್ತಿದ್ದಳು.